ಹತ್ತಕ್ಕೆ ಮೂರು ಅಂಕದ ಒಪ್ಪಿಗೆ ಪತ್ರ

೧.
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ದೇವರ ಕರೆ ಎಂದ ಮೇಲೆ ಬೆಳಕು ಇಳಿಯಬೇಕು ಎಂದುಕೊಂಡು ಅರ್ಧ ಪುಟ ಬೆಳಕು ಇಳಿಸಿದೆ. ನನ್ನ ಕಥಾನಾಯಕ ಲಿಫ್ಟ್ ಮೆಕ್ಯಾನಿಕ್. "ಎಲ್ಲಿಯ ಬೆಳಕು ಸಾರ್, ಅವತ್ತು ಕರೆಂಟೇ ಇರ್ಲಿಲ್ಲ" ಎಂದ. ಹರಿದು ಹಾಕಿದೆ.

೨.
ನಡೆದದ್ದು ಇಷ್ಟು. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿತ್ತು, ಒಳಗೆ ಒಬ್ಬ ಅಜ್ಜಿ. ನಲವತ್ತು ನಿಮಿಷ ಇವನು ಒಂದು ಕೈಯಲ್ಲಿ ಕೆಲಸ ಮಾಡುತ್ತ, ಬಾಗಿಲ ಸಂದಿಯಲ್ಲಿ ಅವರನ್ನು ಮಾತಾಡಿಸುತ್ತಲೇ ಇದ್ದ. ಹೊರಬಂದ ಅಜ್ಜಿ, "ನೀನು ಚರ್ಚಲ್ಲಿ ಸೇವೆ ಮಾಡೋನೇನಪ್ಪಾ?" ಎಂದು ಕೇಳಿದರು. ಆ ಪ್ರಶ್ನೆ ಎರಡು ವರ್ಷದಿಂದ ಅವನ ತಲೆ ಕೊರೆಯುತ್ತಿದೆ. ಈಗ ಅವನಿಗೆ ಡೀಕನ್ ಆಗಬೇಕು.

(ಗೊತ್ತಿಲ್ಲದವರಿಗೆ: ಡೀಕನ್ ಎಂದರೆ ಪಾದ್ರಿಯಲ್ಲ. ಸಂಸಾರ, ಕೆಲಸ ಬಿಡದೆಯೇ ಚರ್ಚಿನ ಸೇವೆಗೆ ದೀಕ್ಷೆ ಪಡೆದವನು. ಜ್ಞಾನಸ್ನಾನ ಕೊಡಬಹುದು, ಮದುವೆ ನಡೆಸಬಹುದು. ಆದರೆ ಹೆಂಡತಿ ಬಿಷಪರಿಗೆ ಒಪ್ಪಿಗೆ ಬರೆದುಕೊಡಬೇಕು. ಅವಳು ಮೊದಲು ತೀರಿಕೊಂಡರೆ ಇನ್ನೊಂದು ಮದುವೆ ಆಗುವಂತಿಲ್ಲ.)

೩.
ಮೆಕ್ಯಾನಿಕ್ ಮಾಡಿದ ಎಡವಟ್ಟು: ಒಪ್ಪಿಗೆ ಪತ್ರವನ್ನು ತಾನೇ ಬರೆದು, ಸರ್ವೀಸ್ ರಿಪೋರ್ಟಿಗೆ ಸಹಿ ಹಾಕಿಸುವ ಹಾಗೆ ಹೆಂಡತಿಯ ಮುಂದಿಟ್ಟ. ಆಕೆ ಟೀಚರ್. ಕೆಂಪು ಪೆನ್ನು ತೆಗೆದಳು. 'ಸಂತೋಷದಿಂದ ಒಪ್ಪಿರುತ್ತೇನೆ' ಎಂಬುದರ ಪಕ್ಕ 'ಯಾರು ಹೇಳಿದ್ದು?' ಎಂದು ಬರೆದಳು. ಹತ್ತಕ್ಕೆ ಮೂರು.

೪.
(ಇಲ್ಲಿ ಅವಳು ಅಳುವ ಹಾಗೆ ಬರೆದಿದ್ದೆ. ತಿರುಗಿಬಿದ್ದಳು.)

"ನಾನು ಅಳಲ್ಲ. ಅದನ್ನ ತೆಗೀರಿ."

"ಹಾಗಾದ್ರೆ ಒಪ್ಕೊಳ್ಳಿ ಮೇಡಂ, ನನ್ನ ಕಥೆ ಮುಗಿಯತ್ತೆ."

"ನಿಮ್ಮ ಕಥೆ ಮುಗಿಸೋಕೆ ನಾನು ಸಹಿ ಹಾಕ್ಬೇಕಾ? ಚೆನ್ನಾಗಿದೆ. ಒಂದು ಮೊಟ್ಟೆ ಬೇಯಿಸ್ಕೊಳ್ಳೋಕೆ ಬರಲ್ಲ ಇವರಿಗೆ. ನಾನು ಸಹಿ ಹಾಕಿ, ನಾಳೆ ನಾನೇ ಮೊದಲು ಹೋದ್ರೆ, ಇವರನ್ನ ಒಂಟಿ ಮಾಡಿದವಳು ನಾನೇ ಅಲ್ವಾ?"

"ನಿನ್ನ ನಂತರ ಇನ್ನೊಬ್ಬಳು ಯಾಕೆ ನಂಗೆ?" ಎಂದ ಮೆಕ್ಯಾನಿಕ್. "ಮೊಟ್ಟೆ ಬೇಯಿಸೋಕಾ?"

"ಅಲ್ಲ. ಮನೆಗೆ ಬಂದ ತಕ್ಷಣ, ಇವತ್ತು ಲಿಫ್ಟಲ್ಲಿ ಯಾರು ಸಿಕ್ಕಾಕ್ಕೊಂಡಿದ್ರು ಅಂತ ಕೇಳೋಕೆ."

ಇಬ್ಬರ ಮೇಲೂ ನನಗೆ ಪ್ರೀತಿ ಉಕ್ಕಿಬಂತು. ಅವಳು ಅಳುವ ಸಾಲನ್ನು ಹೊಡೆದುಹಾಕಿದೆ.

೫.
ಮುಕ್ತಾಯ ಒಂದು: ಅವಳು ಒಪ್ಪುತ್ತಾಳೆ, ಬಿಷಪ್ ಅವನ ತಲೆಯ ಮೇಲೆ ಕೈ ಇಟ್ಟು ದೀಕ್ಷೆ ಕೊಡುತ್ತಾರೆ. ಮುಕ್ತಾಯ ಎರಡು: ಅವಳು ಒಪ್ಪುವುದಿಲ್ಲ, ಅವನು ಲಿಫ್ಟ್ ರಿಪೇರಿ ಮಾಡಿಕೊಂಡೇ ಇರುತ್ತಾನೆ. ಓದಿ ಹೇಳಿದೆ. ಎರಡಕ್ಕೂ ಇಬ್ಬರೂ ಮೂಗು ಮುರಿದರು.

ಈಗ ಅವನು ಅಡುಗೆಮನೆಯಲ್ಲಿ ಮೊಟ್ಟೆ ಬೇಯಲು ಇಟ್ಟು, ಎಷ್ಟು ನಿಮಿಷ ಎಂದು ಕೂಗಿ ಕೇಳುತ್ತಿದ್ದಾನೆ. ಅವಳು ಕೋಣೆಯಲ್ಲಿ ಕೆಂಪು ಪೆನ್ನು ಪಕ್ಕಕ್ಕಿಟ್ಟು, ನೀಲಿ ಪೆನ್ನು ಹಿಡಿದು, ಹೊಸ ಹಾಳೆಯಲ್ಲಿ ಬರೆಯುತ್ತಿದ್ದಾಳೆ. ಮೊದಲ ಸಾಲು ಕಂಡಿತು: 'ಪೂಜ್ಯ ಬಿಷಪರೇ, ನನ್ನ ಗಂಡ ಎಂಥವರು ಅಂತ ಮೊದಲು ಹೇಳುತ್ತೇನೆ.' ಮುಂದಿನದಕ್ಕೆ ಇಣುಕಿದೆ. ಪರೀಕ್ಷೆಯ ಮಕ್ಕಳ ಹಾಗೆ ಎಡಗೈ ಅಡ್ಡ ಇಟ್ಟಳು.

"ನೀವು ಹೊರಗಿರಿ. ಬಾಗಿಲು ಹಾಕ್ಕೊಳ್ಳಿ," ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ಆದ್ರೆ ಹೋಗ್ಬೇಡಿ. ಏನಾದ್ರೂ ಮಾತಾಡ್ತಾ ಇರಿ."

ಬಾಗಿಲ ಸಂದಿಯಲ್ಲಿ ಮಾತಾಡುತ್ತಿದ್ದೇನೆ.