ಒವನ್ ಮುಂದಿನ ಸ್ಟೂಲು

ಆ ಮನೆಯ ಕ್ರಿಸ್‌ಮಸ್ ಕೇಕಿಗೆ ಗಡಿಯಾರದ ಹಂಗಿಲ್ಲ. ಅತ್ತೆ ಒವನ್ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ, ಮೂಗಿಗೆ ಸರಿಯಾದ ವಾಸನೆ ಬಡಿದ ಕೂಡಲೇ "ತೆಗಿ" ಅನ್ನುತ್ತಾರೆ. ಅಷ್ಟೇ. ಅವರ ಅತ್ತೆಯೂ ಹೀಗೇ ಕೂರುತ್ತಿದ್ದರಂತೆ. ವಯಸ್ಸಾದ ಮೇಲೆ ಒಂದು ಕ್ರಿಸ್‌ಮಸ್ಸಿಗೆ ಸೊಸೆಯನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ ಎದ್ದುಹೋದರಂತೆ. ದೊಡ್ಡ ಸೊಸೆ ಹದಿನಾಲ್ಕು ವರ್ಷದಿಂದ ಈ ಕತೆ ಕೇಳುತ್ತಿದ್ದಾಳೆ, ಅಂದಿನಿಂದಲೂ ಆ ಸ್ಟೂಲಿನ ಮೇಲೆ ಕಣ್ಣಿಟ್ಟಿದ್ದಾಳೆ.

ಸುಮ್ಮನೆ ಅಲ್ಲ. ತನ್ನ ಹೊಲಿಗೆ ಅಂಗಡಿಯಲ್ಲಿ ಹಬ್ಬದ ಬಟ್ಟೆ ರಾಶಿ ಬಿದ್ದಿದ್ದರೂ ಮಧ್ಯಾಹ್ನವೇ ಷಟರ್ ಎಳೆದು ಬಂದು, ಒಣದ್ರಾಕ್ಷಿ ಹೆಚ್ಚಿ, ಸಕ್ಕರೆ ಕಪ್ಪಗೆ ಕಾಯಿಸಿ, ಬೆಣ್ಣೆ ತಿರುವಿ ತಿರುವಿ ರಟ್ಟೆ ಬೀಳಿಸಿಕೊಂಡವಳು ಅವಳು. ಈ ಸಲವೂ ಎಲ್ಲಾ ಮುಗಿಸಿ, ಕೇಕನ್ನು ಒವನ್ನಿಗಿಟ್ಟು, ಕೈ ತೊಳೆದು ಬರುವಷ್ಟರಲ್ಲಿ ಸ್ಟೂಲಿನ ಮೇಲೆ ಯಾರು? ಚಿಕ್ಕ ಸೊಸೆ! ಮದುವೆಯಾಗಿ ಒಂಬತ್ತು ತಿಂಗಳು. ಮೊಟ್ಟೆ ಒಡೆದರೆ ಅರ್ಧ ಸಿಪ್ಪೆ ಒಳಗೇ ಬೀಳಿಸುವ ಮಹಾರಾಣಿ, ಶಾಲು ಹೊದ್ದು ಕೂತಿದ್ದಾಳೆ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವಳ ಬೆನ್ನು ಸವರುತ್ತಿದ್ದಾರೆ.

ದೊಡ್ಡವಳ ಮೈಯೆಲ್ಲ ಉರಿದುಹೋಯಿತು. ಸಿಂಕಿನಲ್ಲಿದ್ದ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮುಕ್ಕಾಲು ಗಂಟೆ ಕಳೆಯಿತು. ಆಗ ಬಂತು ವಾಸನೆ. ಬೆಣ್ಣೆ, ಲವಂಗ, ಕಾದ ಸಕ್ಕರೆ ಎಲ್ಲಾ ಸೇರಿದ ಹದವಾದ ವಾಸನೆ. ಈಗಲೇ ತೆಗೆಯಬೇಕು. ಅವಳು ತಿರುಗಿ ನೋಡಿದಳು. ಸ್ಟೂಲಿನವಳು ಅಲ್ಲಾಡಲಿಲ್ಲ. ಅತ್ತೆಯೂ ಸುಮ್ಮನಿದ್ದರು.

ಕೂರಿಸಿದ್ದಾರಲ್ಲ, ಅವಳೇ ಹೇಳಲಿ. ದೊಡ್ಡವಳು ಬಾಯಿಗೆ ಬೀಗ ಹಾಕಿಕೊಂಡಳು. ವಾಸನೆ ಕಹಿಯಾಯಿತು. ಅವಳು ಇನ್ನೊಂದು ಪಾತ್ರೆ ತಿಕ್ಕಿದಳು. ನಿಜ ಹೇಳಬೇಕೆಂದರೆ, ಅವಳಿಗೆ ಖುಷಿಯೇ ಆಯಿತು.

ಒವನ್ನಿನ ತಗಡಿನ ಬಾಗಿಲಿನ ಸಂದಿಯಿಂದ ಹೊಗೆ ಬಂದಾಗಲೇ ಚಿಕ್ಕವಳು ಕಿರುಚಿ ಎದ್ದದ್ದು. ಕೇಕು ಇದ್ದಿಲಾಗಿತ್ತು.

"ನೆಗಡಿ ಅತ್ತೆ, ಮೂಗು ಕಟ್ಟಿಬಿಟ್ಟಿದೆ," ಅಂತ ಅವಳು ಅಳತೊಡಗಿದಳು.

"ನಂಗೆ ಗೊತ್ತಿಲ್ವೇನೆ? ಚಳೀಲಿ ನಡುಗ್ತಿದ್ದೆ, ಬೆಚ್ಚಗಿರ್ಲಿ ಅಂತ ತಾನೆ ಅಲ್ಲಿ ಕೂರಿಸಿದ್ದು," ಎಂದರು ಅತ್ತೆ. ಆಮೇಲೆ ದೊಡ್ಡವಳ ಕಡೆ ತಿರುಗಿ ದನಿ ತಗ್ಗಿಸಿದರು. "ಹೋದ ತಿಂಗಳು ಜ್ವರ ಬಂದು ಹೋದ್ಮೇಲೆ ನಂಗೆ ಯಾವ ವಾಸನೇನೂ ಗೊತ್ತಾಗಲ್ಲ ಕಣೆ. ಹೇಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ನೀನಿದ್ದೀಯಲ್ಲ, ನೀನು ಹೇಳ್ತೀಯ ಅಂತ ಧೈರ್ಯವಾಗಿ ಕೂತಿದ್ದೆ. ನಿಂಗೂ ಗೊತ್ತಾಗ್ಲಿಲ್ವಾ?"

ಹದಿನಾಲ್ಕು ವರ್ಷ ಕಾದದ್ದು ಇದೇ ಮಾತಿಗೆ. ಗೊತ್ತಾಯಿತು ಅನ್ನಬಹುದಿತ್ತು. ಆದರೆ ಮತ್ತೆ ಯಾಕೆ ಸುಮ್ಮನಿದ್ದೆ ಅಂದರೆ?

"ಇಲ್ಲ ಅತ್ತೆ," ಎಂದಳು. "ಗೊತ್ತಾಗ್ಲಿಲ್ಲ."

ಅತ್ತೆ ನಂಬಿದರು.

"ಪಾಪ, ಅಂಗಡಿ ದೂಳಲ್ಲಿ ನಿನ್ನ ಮೂಗೂ ಹೋಯ್ತೇನೋ," ಎಂದು ಅವಳ ಕೆನ್ನೆ ಸವರಿದರು. ಚಿಕ್ಕವಳಿಗೆ ಹೇಳಿದರು, "ಅಳಬೇಡ. ನೆಗಡಿ ವಾಸಿಯಾಗ್ಲಿ, ನಾಡಿದ್ದು ಇನ್ನೊಂದು ಮಾಡೋಣ. ಇನ್ಮೇಲೆ ಅಲ್ಲಿ ನೀನೇ ಕೂತ್ಕೋ ಮಗಳೇ, ಈ ಮನೇಲಿ ಮೂಗು ಅಂತ ಉಳಿದಿರೋದು ನಿಂದೊಂದೇ. ಏನಂತೀಯ, ದೊಡ್ಡವಳೇ?"

ಅಡುಗೆಮನೆ ತುಂಬ ಸುಟ್ಟ ಸಕ್ಕರೆಯ ಗಾಟು, ದೊಡ್ಡವಳಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು.

"ಹೂಂ ಅತ್ತೆ," ಎಂದಳು. "ಅವಳೇ ಕೂತ್ಕೊಳ್ಳಲಿ."