ಇರುವೆ ಹೋಗದ ಕೆಂಪು ಬಕೆಟ್ಟು

ನನ್ನ ಭಾಷಣ ಯಾರೂ ಕೇಳುವುದಿಲ್ಲ ಎಂಬ ಕೊರಗು ನೌಕರಿ ಹತ್ತಿದಾಗಿನಿಂದ ಇತ್ತು. ಒಮ್ಮೆ ಕೇಳಿದರು ನೋಡಿ, ಸಾಕೋ ಸಾಕಾಯಿತು.

ನಮ್ಮದು ತೇರದಾಳದ ಬಸ್ಸು ಹಾದುಹೋಗುವ ಸಣ್ಣ ಊರು. ನಾನು ಅಲ್ಲಿಯ ಪುರಸಭೆಯ ಆರೋಗ್ಯ ನಿರೀಕ್ಷಕ ವಾಸುದೇವ. ಆ ವರ್ಷ ಮನೆಮನೆಗೂ ಕೆಂಪು ಬಕೆಟ್ಟು ಹಂಚಿದೆವು. ಅವಧಿ ಮುಗಿದ ಔಷಧ, ಸತ್ತ ಸೆಲ್ಲು, ಇಲಿ ಪಾಷಾಣ, ಇಂಥ ಅಪಾಯದ ಕಸವನ್ನೆಲ್ಲ ಅದರಲ್ಲಿಡಬೇಕು, ತಿಂಗಳಿಗೊಮ್ಮೆ ನಮ್ಮ ಗಾಡಿ ಬಂದು ಸುರಿದುಕೊಂಡು ಹೋಗಬೇಕು. ಹಂಚುವ ದಿನ ನಾನು ಬಕೆಟ್ಟಿನ ಮೇಲೆ ಕುಳಿತೇ ತೋರಿಸಿದೆ.

“ಕುಂತರೂ ಒಡಿಯಂಗಿಲ್ಲ. ಮುಚ್ಚಿದರ ಇರುವಿ ಸೈತ ಒಳಗ ಹೋಗಂಗಿಲ್ಲ!”

ಜನ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಮೊದಲ ಸಲ ಗಾಡಿ ಊರೆಲ್ಲ ಸುತ್ತಿ ಹೆಚ್ಚುಕಡಿಮೆ ಖಾಲಿಯೇ ಬಂತು. ತುಂಬಿದ ಬಕೆಟ್ಟು ಕೊಟ್ಟದ್ದು ನಮ್ಮ ಮನೆ ಮಾತ್ರ. ನಮ್ಮ ಊರಲ್ಲಿ ವಿಷವೇ ಇಲ್ಲ ಎಂದು ಮೇಲಧಿಕಾರಿಗೆ ಹೆಮ್ಮೆಯಿಂದ ಫೋನು ಮಾಡಿದೆ. ಎಂಥ ಶಾಣ್ಯಾ ನಾನು!

ಮರುದಿನ ಕಚೇರಿಯಲ್ಲಿ ಮನೆಯ ಬುತ್ತಿ ಡಬ್ಬಿ ಮುಗಿಸಿದವನೇ ನೇಕಾರರ ಓಣಿಗೆ ಹೋದೆ, ಇನ್ನಷ್ಟು ಹೊಗಳಿಸಿಕೊಳ್ಳಲು. ಲಗಮವ್ವ ಮಗ್ಗ ನಿಲ್ಲಿಸಿ ಶೇಂಗಾದ ಉಂಡಿ ಕೊಟ್ಟಳು. ತಿಂದೆ. ಇನ್ನೊಂದನ್ನು ಆಕೆ ತೆಗೆದದ್ದು ಕೆಂಪು ಬಕೆಟ್ಟಿನಿಂದ.

“ಯವ್ವಾ, ಉಂಡಿ ಇದರಾಗ ಇಟ್ಟೀಯೇನು?”

“ನೀವ ಹೇಳಿದ್ರಲ್ಲರಿ, ಇರುವಿ ಹೋಗಂಗಿಲ್ಲಂತ!”

ಮುಂದಿನ ಮಾತು ಕೇಳುವ ತಾಳ್ಮೆ ನನಗೆಲ್ಲಿ? ಗಟಾರಕ್ಕೆ ಓಡಿ ಗಂಟಲಿಗೆ ಬೆರಳು ಹಾಕಿದೆ. ಉಂಡಿಯ ಬೆನ್ನಿಗೆ ಡಬ್ಬಿಯದೂ ಹೊರಬಂತು. ಓಣಿಯ ಹೆಂಗಸರೆಲ್ಲ ನೆರೆದರು.

“ಸಮಾಧಾನ ಮಾಡ್ಕೋರಿ ಸಾಹೇಬ್ರ,” ಲಗಮವ್ವ ನೀರು ಕೊಟ್ಟಳು. “ಪಾಷಾಣ ಮೊದಲಿನಂಗ ಗ್ವಾಡಿ ಮಾಡದಾಗ ಐತಿ. ಇಂಥಾ ಛಲೋ ಬಕೀಟನ್ಯಾಗ ಯಾರರೆ ವಿಷಾ ಇಡ್ತಾರೇನ್ರಿ?”

ಓಣಿ ಗೊಳ್ಳೆಂದು ನಕ್ಕಿತು. ಒಬ್ಬಳ ಬಕೆಟ್ಟಿನಲ್ಲಿ ಜೋಳದ ಹಿಟ್ಟಂತೆ, ಇನ್ನೊಬ್ಬಳದರಲ್ಲಿ ಹಪ್ಪಳವಂತೆ. ಮಂಗ್ಯಾನಂತೆ ಮುಖ ಒರೆಸಿಕೊಂಡು ಹೊರಟೆ. ಇಡೀ ಊರಲ್ಲಿ ಹೇಳಿದಂತೆ ಕೇಳಿ ಬಕೆಟ್ಟಿಗೆ ವಿಷ ಹಾಕಿದ ಮೂರ್ಖ ನಾನೊಬ್ಬನೇ ಎಂದುಕೊಂಡೆ.

ಅಷ್ಟರಲ್ಲಿ ನಡೆಯುತ್ತಿದ್ದವನು ಗಕ್ಕನೆ ನಿಂತೆ. ನಮ್ಮ ಬಕೆಟ್ಟಿನ ತಳದಲ್ಲಿ ಪಾಷಾಣದ ಪುಡಿಕೆ ಒಡೆದಿತ್ತು. ಈಗ ಅದು ಖಾಲಿಯಾಗಿ ಮನೆಯಲ್ಲಿದೆ. ನನ್ನ ಹೆಂಡತಿ ಸುಲಭಾ ನಿನ್ನೆ ಅದನ್ನು ತಿರುವಿ ತಿರುವಿ, ಎಷ್ಟು ಛಂದ ಐತಲ್ಲ ಎಂದಿದ್ದಳು.

ಓಡಿದೆ. ಅಡುಗೆಮನೆಯಲ್ಲಿ ಕೆಂಪು ಬಕೆಟ್ಟು, ಅದರ ತುಂಬ ಹಚ್ಚಿದ ಅವಲಕ್ಕಿ.

“ಸುಲಭಾ, ತಿಂದೀಯೇನ? ಖರೆ ಹೇಳು!”

“ಅಹೋ, ಇವತ್ತ ಏಕಾದಶಿ, ನಂದು ನಿಟ್ಟುಪಾಸ. ನಾ ಹೆಂಗ ತಿನ್ಲಿ?”

ಆಕೆಯ ಕೈ ಹಿಡಿದು ಅಲ್ಲೇ ಕುಸಿದು ಅತ್ತುಬಿಟ್ಟೆ. ಮದುವೆಯಾದಾಗಿನಿಂದ ಆಕೆಯ ಉಪವಾಸಗಳನ್ನು ಚೇಷ್ಟೆ ಮಾಡಿದವನು ನಾನು.

“ಯಾಕ್ರೀ ಅಳಾಕತ್ತೀರಿ? ಅರಿವೀಲೆ ಛಲೋತ್ನ್ಯಾಗ ಒರಸೇನಿ. ಮುಂಜಾನೆ ನಿಮ್ಮ ಡಬ್ಬಿಗೂ ಅದರಾಗಿಂದನ ಹಾಕಿದ್ದೆ. ರುಚಿ ಆಗಿರಲಿಲ್ಲೇನು?”

ರುಚಿಯಾಗಿತ್ತು. ಒಂದಗುಳೂ ಬಿಡದೆ ತಿಂದಿದ್ದೆ. ಅದೆಲ್ಲ ಈಗ ಲಗಮವ್ವನ ಗಟಾರದಲ್ಲಿತ್ತು.