ಬೇಟೆ ಕ್ಯಾಂಪಿನ ಗೆಳೆಯ

ಡಿಸೆಂಬರ್ ಏಳು ದಾಟಿದರೆ ಲೆಂಪಿ ನಿಯೆಮಿಗೆ ಸ್ವಲ್ಪ ಪುರುಸೊತ್ತು. ಅಕ್ಟೋಬರಿನಿಂದ ಆ ತಾರೀಖಿನವರೆಗೆ ವಯಸ್ಸಾದವರೆಲ್ಲ ತಮ್ಮ ಮೆಡಿಕೇರ್ ಆರೋಗ್ಯ ವಿಮೆ ಬದಲಿಸಬಹುದು. ಅಷ್ಟು ದಿನವೂ ಟಿವಿಯಲ್ಲಿ ಹಲ್ಲು ಕಿರಿಯುವ ಜನ ಹಲ್ಲು ಪುಕ್ಕಟೆ, ಕನ್ನಡಕ ಪುಕ್ಕಟೆ ಎಂದು ಕೂಗುತ್ತಾರೆ. ಕೂಗಿದವರು ಹೋಗುತ್ತಾರೆ, ಗೊಂದಲ ಬಿಡಿಸುವ ಕೆಲಸ ಲೆಂಪಿಯ ಪಾಲಿಗೆ ಉಳಿಯುತ್ತದೆ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ತರಬೇತಿ ಪಡೆದು, ಸಂಬಳವಿಲ್ಲದೆ, ಮಂಗಳವಾರವೂ ಗುರುವಾರವೂ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂರುತ್ತಾಳೆ. ಯಾವ ಕಂಪನಿಯ ಪರವೂ ಮಾತಾಡುವುದಿಲ್ಲ. ಅಲ್ಲಿ ಕೇಳಿದ ಗುಟ್ಟನ್ನು ಮೇಲಕ್ಕೆ ಒಯ್ಯುವುದೂ ಇಲ್ಲ.

ಒಂಬತ್ತನೇ ತಾರೀಖು ಟೋಪಿಯ ಹಿಮ ಕೊಡವುತ್ತ ರೇನೊ ಕಂಗಾಸ್ ಬಂದ. ಕಾಡಿನಿಂದ ದಿಮ್ಮಿ ಸಾಗಿಸುವ ಲಾರಿ ಓಡಿಸಿ ಕಿವಿ ಹಾಳು ಮಾಡಿಕೊಂಡವನು. ಇಬ್ಬರೂ ಒಂದೇ ಶಾಲಾ ಬಸ್ಸಿನಲ್ಲಿ ಓದಲು ಹೋದವರು. ಲೆಂಪಿ ಅಭ್ಯಾಸಬಲದಿಂದ ಗಂಟಲು ಹರಿಯುವಂತೆ "ಕೂತ್ಕೊ" ಎಂದಳು.

"ಕೂಗ್ಬೇಡ ಮಾರಾಯ್ತಿ, ಕೇಳ್ಸತ್ತೆ," ಎಂದ ರೇನೊ. "ನನ್ನ ವಿಷ್ಯ ಅಲ್ಲ. ಬೇಟೆ ಕ್ಯಾಂಪಲ್ಲಿ ಒಬ್ಬ ಗೆಳೆಯ ಇದಾನೆ, ಅವನದು."

"ಯಾರಪ್ಪ ಅದು?"

"ಹೆಸರು ಬೇಡ. ನಾಚ್ಕೆ ಸ್ವಭಾವ."

ಸುಪೀರಿಯರ್ ಸರೋವರದ ಈ ದಂಡೆಯ ಗಂಡಸರ ರೀತಿಯೇ ಹೀಗೆ. ಕಾಲ ಮೇಲೆ ಮರ ಬಿದ್ದರೂ ಸ್ವಲ್ಪ ತಾಗಿತು ಎನ್ನುತ್ತಾರೆ. ಲೆಂಪಿ ಕಾಫಿ ಬಗ್ಗಿಸಿಕೊಟ್ಟಳು.

ಗೆಳೆಯನ ಕಥೆ ತುಣುಕು ತುಣುಕಾಗಿ ಹೊರಬಂತು. ಅವನೂ ಅವನ ಹೆಂಡತಿಯೂ ಹಳೆಯ ಪಾಲಿಸಿ ಬಿಟ್ಟು ಟಿವಿಯಲ್ಲಿ ಬಂದ ಖಾಸಗಿ ಪ್ಲಾನಿಗೆ ಸೇರಿದ್ದರು. ಹೆಂಡತಿಗೆ ಪಾರ್ಕಿನ್ಸನ್, ಕೈಕಾಲು ನಡುಗುವ ಕಾಯಿಲೆ. ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ಪಕ್ಕದ ರಾಜ್ಯದ ಗ್ರೀನ್ ಬೇಯಲ್ಲಿದ್ದಳು. ಹೊಸ ಪ್ಲಾನು ಹಣ ಕೊಡುವ ಡಾಕ್ಟರುಗಳ ಪಟ್ಟಿಯಲ್ಲಿ ಆ ಡಾಕ್ಟರಮ್ಮನ ಹೆಸರಿರಲಿಲ್ಲ. ಪಟ್ಟಿಯಲ್ಲಿದ್ದ ಡಾಕ್ಟರು ಇದೇ ರಾಜ್ಯದಲ್ಲಿದ್ದರೂ ದೊಡ್ಡ ಸೇತುವೆ ದಾಟಿ ಏಳು ಗಂಟೆ ದೂರ. ಅಷ್ಟು ಹೊತ್ತು ಹೆಂಡತಿ ಕಾರಿನಲ್ಲಿ ಕೂರಲಾರಳು. ಜೂನಿನಲ್ಲಿ ಆಗಬೇಕಿದ್ದ ಪರೀಕ್ಷೆ ತಪ್ಪಿತು, ಆಮೇಲೂ ಅವಳನ್ನು ಯಾರೂ ನೋಡಿಲ್ಲ.

"ಹೆಂಡ್ತಿಗೆ ಗೊತ್ತಾ?"

"ಡಾಕ್ಟರಮ್ಮ ರಜೆ ಮೇಲಿದಾಳೆ ಅಂದಿದಾನೆ."

"ಹಳೇ ಪಾಲಿಸಿ ಬಿಟ್ಟು ಎಷ್ಟು ದಿನ ಆಯ್ತು?"

ರೇನೊ ಚಾವಣಿಯ ಕೊಳವೆಯನ್ನು ದಿಟ್ಟಿಸಿದ. "ಎರಡು ವರ್ಷ ಆಗಿರ್ಬೇಕು."

ಲೆಂಪಿಯ ಮುಖ ಬಾಡಿತು. "ಹಾಗಾದ್ರೆ ಕಷ್ಟ ಕಣೋ. ಜನವರೀಲಿ ಸರ್ಕಾರದ ಮೂಲ ಮೆಡಿಕೇರಿಗೆ ವಾಪಸ್ ಬರಬಹುದು. ಆದ್ರೆ ಸರ್ಕಾರ ಕೊಡದ ಪಾಲನ್ನ ತುಂಬ್ತಿತ್ತಲ್ಲ ಹಳೇ ಪಾಲಿಸಿ, ಆ ಕಂಪನಿಯೋರು ಏನು ಕಾಯಿಲೆ ಅಂತ ಕೇಳ್ತಾರೆ. ಪಾರ್ಕಿನ್ಸನ್ ಅಂದ್ರೆ ಆಗಲ್ಲ ಅಂದ್ಬಿಡ್ತಾರೆ."

"ಹೇಳ್ತೀನಿ ಅವನಿಗೆ," ಎಂದ ರೇನೊ. ಕಾಫಿ ಮುಟ್ಟದೆ ಎದ್ದು ಹೋದ.

ಅವನ ಲೋಟ ತೊಳೆಯುವಾಗ ಲೆಂಪಿಯ ಕೈ ನಿಂತಿತು. ಕೂಗ್ಬೇಡ ಎಂದನಲ್ಲ! ಕಳೆದ ಕ್ರಿಸ್‌ಮಸ್ ಊಟದಲ್ಲಿ ಉಪ್ಪು ಕೇಳಿದರೆ ಬೆಣ್ಣೆ ಕೊಟ್ಟವನು ಇವನು. ಇವತ್ತು ಎರಡೂ ಕಿವಿಯ ಹಿಂದೆ ಏನೋ ಬೂದು ಬಣ್ಣದ್ದು ಇತ್ತು. ಕಿವಿಯ ಯಂತ್ರವನ್ನು ಮೂಲ ಮೆಡಿಕೇರ್ ಕೊಡುವುದಿಲ್ಲ, ಟಿವಿಯ ಪ್ಲಾನುಗಳು ಕೊಡುತ್ತವೆ. ಹಾಗಾದರೆ ಇವನು ಪ್ಲಾನಿಗೆ ಸೇರಿದ್ದು ಆ ಕ್ರಿಸ್‌ಮಸ್ ಕಳೆದ ಮೇಲೆ, ಎಲ್ಲಿಯ ಎರಡು ವರ್ಷ? ತನ್ನ ಗುರುತು ಸಿಗದಿರಲೆಂದು ಸುಳ್ಳು ಹೇಳಿದ್ದಾನೆ. ಆ ಸುಳ್ಳಿಗೆ ತಕ್ಕ ಉತ್ತರ ನಾನು ಕೊಟ್ಟು ಕಳಿಸಿದ್ದೇನೆ. ಇಷ್ಟು ವರ್ಷ ಇದೇ ಊರಿನ ಗಂಡಸರ ನಡುವೆ ಬದುಕಿ ಇಷ್ಟೂ ತಿಳಿಯಲಿಲ್ಲವೇ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಫೋನ್ ಮಾಡೋಣವೆಂದರೆ ಆ ಮನೆಯಲ್ಲಿ ಎತ್ತುವವಳು ಅವನ ಹೆಂಡತಿ ಎಲೈನ್. ಅವನು ಸೇರಿ ವರ್ಷ ತುಂಬುವ ಮೂವತ್ತೊಂದಕ್ಕೆ ಇನ್ನು ಮೂರೇ ವಾರ.

ಶನಿವಾರ ಚರ್ಚಿನ ಅಡುಗೆಮನೆಯಲ್ಲಿ ಮಾರಾಟಕ್ಕೆಂದು ಪ್ಯಾಸ್ಟಿ ಎಂಬ ಕಡುಬು ಮಾಡುವ ದಿನ. ಗಂಡಸರು ಗಡ್ಡೆ ಹೆರೆದು ಹೆಚ್ಚಬೇಕು, ಹೆಂಗಸರು ಮಾಂಸ ಗಡ್ಡೆ ತುಂಬಿ ಹಿಟ್ಟಿನ ಅಂಚು ಮಡಚಬೇಕು. ಲೆಂಪಿ ಚಾಕು ಹಿಡಿದು ರೇನೊ ಪಕ್ಕ ಹೋಗಿ ಕೂತಳು.

"ನೋಡ್ರೇ, ಲೆಂಪಿಗೆ ಬಡ್ತಿ ಸಿಕ್ತು!" ಎಂದು ಹೆಂಗಸರು ನಕ್ಕರು.

ನಗು ಅಡಗಿದ ಮೇಲೆ ಲೆಂಪಿ ತಗ್ಗಿದ ದನಿಯಲ್ಲಿ ಕೇಳಿದಳು. "ನಿನ್ನ ಗೆಳೆಯನಿಗೆ ಮರೆವು ಜಾಸ್ತೀನಾ?"

"ಯಾಕೆ?"

"ಹಳೇ ಪಾಲಿಸಿ ಬಿಟ್ಟು ಮೊದಲ್ನೇ ಸಲ ಇಂಥ ಪ್ಲಾನಿಗೆ ಹೋದೋರಿಗೆ ಒಂದು ವರ್ಷ ಒಗ್ಗತ್ತಾ ಇಲ್ವಾ ನೋಡೋಕೆ ಅವಕಾಶ ಇದೆ. ವರ್ಷ ತುಂಬೋದ್ರೊಳಗೆ ವಾಪಸ್ ಬಂದ್ರೆ, ಆ ಕಂಪನಿ ಅದೇ ಪಾಲಿಸಿ ಇನ್ನೂ ಮಾರ್ತಿದ್ರೆ, ಕಾಯಿಲೆ ಕೇಳದೆ ಕೊಡ್ಲೇಬೇಕು. ಎರಡು ವರ್ಷ ಆದೋನಿಗೆ ಇಲ್ಲ. ಹೋದ ಜನವರಿ ಒಂದಕ್ಕೆ ಸೇರಿದೋನಿಗೆ ಈ ಮೂವತ್ತೊಂದರ ತನಕ ಇದೆ."

ರೇನೊನ ಚಾಕು ನಿಂತಿತು. "ಅವನು ಸುಳ್ಳ," ಎಂದ.

"ನಾನು ಹಾಗೆ ಅನ್ಲಿಲ್ಲ."

"ನಾನೇ ಅಂತಿದೀನಿ. ಹೋದ ಜನವರಿ ಒಂದೇ." ಅವನು ಮತ್ತೆ ಗಡ್ಡೆ ಹೆರೆಯತೊಡಗಿದ. "ಅವನಿಗೆ ಕಿವಿ ಕೇಳ್ತಿರ್ಲಿಲ್ಲ. ಕಾಯಿಲೆ ಬಂದ್ಮೇಲೆ ಅವಳ ದನಿ ಸಣ್ಣಗಾಗ್ತಾ ಹೋಯ್ತು. ಅವಳು ಏನೋ ಹೇಳ್ತಾಳೆ, ಇವನಿಗೆ ತುಟಿ ಆಡೋದು ಕಾಣ್ತದೆ, ಅಷ್ಟೇ. ಹೂಂ ಹೂಂ ಅಂತ ತಲೆ ಆಡಿಸ್ತಿದ್ದ. ಟಿವೀಲಿ ಕಿವಿಗೆ ಯಂತ್ರ ಕೊಡ್ತೀವಿ ಅಂದ್ರು. ಇಬ್ಬರ ಅರ್ಜೀನೂ ತುಂಬ್ದ. ಅವಳು ನಂಬಿ ಸಹಿ ಹಾಕಿದ್ಳು."

ಈರುಳ್ಳಿ ಹೆಚ್ಚುವವರು ಆಚೆ ಬೆಂಚಿನಲ್ಲಿದ್ದರು. ಲೆಂಪಿಯ ಕಣ್ಣು ಒದ್ದೆಯಾದದ್ದಕ್ಕೆ ನೆಪ ಇರಲಿಲ್ಲ.

"ಯಂತ್ರ ವಾಪಸ್ ಕೊಡಬೇಕಾಗತ್ತಾ?" ಎಂದು ರೇನೊ ಕೇಳಿದ.

"ಇಲ್ವೋ. ಮೆಡಿಕೇರಲ್ಲಿ ಗಂಡ ಹೆಂಡ್ತಿ ಅಂತ ಜೋಡಿ ಇಲ್ಲ, ಒಬ್ಬೊಬ್ರದ್ದೂ ಬೇರೆ. ಅವಳು ವಾಪಸ್ ಬರಲಿ, ಅವನಿಗೆ ಬೇಕಿದ್ರೆ ಅಲ್ಲೇ ಇರಲಿ. ಆದ್ರೆ ಅವಳೇ ಬರ್ಬೇಕು. ಅವಳ ಪರವಾಗಿ ಅವನು ಹೂಂ ಅನ್ನೋ ಹಾಗಿಲ್ಲ."

ಅವಳೇ ಬರಬೇಕೆಂದರೆ ಅವಳಿಗೆ ಹೇಳಬೇಕು. ರೇನೊ ಮತ್ತೊಂದು ಗಡ್ಡೆ ಎತ್ತಿಕೊಂಡ. ಆ ಬೆಳಿಗ್ಗೆ ಮೂವರ ಪಾಲಿನ ಗಡ್ಡೆಯನ್ನು ಒಬ್ಬನೇ ಹೆರೆದ.

ಮಂಗಳವಾರ ಹಿಮ ಬಿಡದೆ ಸುರಿಯಿತು. ಯಾರೂ ಬರಲಾರರು ಎಂದು ಲೆಂಪಿ ಕಾಗದ ಜೋಡಿಸಿಡುವ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು. ರೇನೊನ ತೋಳು ಹಿಡಿದು, ಕಾಲೆಳೆಯುತ್ತ, ಎಲೈನ್ ಬಂದಳು. ಕೂತು ಸುಧಾರಿಸಿಕೊಂಡು ಏನೋ ಹೇಳಿದಳು. ಲೆಂಪಿ ಮೇಜಿನ ಮೇಲೆ ಬಾಗಬೇಕಾಯಿತು.

"ಬೇಟೆ ಕ್ಯಾಂಪಿನ ಗೆಳೆಯ ಇದಾನಲ್ಲ," ಎಂದಳು ಎಲೈನ್, "ಅವನ ಹೆಂಡ್ತಿ ನಾನೇ."

ರೇನೊ ಟೋಪಿಯನ್ನು ಹಿಂಡುತ್ತಿದ್ದ. "ಭಾನುವಾರ ಎಲ್ಲ ಹೇಳ್ದೆ ಲೆಂಪಿ. ಇವಳಿಗೆ ಆಗಲೇ ಗೊತ್ತಿತ್ತು."

"ಆಗಸ್ಟಲ್ಲೇ ನಾನು ಗ್ರೀನ್ ಬೇಗೆ ಫೋನ್ ಮಾಡಿದ್ದೆ," ಎಂದಳು ಎಲೈನ್. "ಇವನೇ ಬಾಯಿ ಬಿಡ್ಲಿ ಅಂತ ಕಾದೆ."

"ಇವನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು ಲೆಂಪಿ.

"ಎಷ್ಟೋ ವರ್ಷ ಆದ್ಮೇಲೆ ನಾನಂದಿದ್ದು ಇವನಿಗೆ ಕೇಳಿಸ್ತಿತ್ತು. ಮೊದಲ್ನೇ ಮಾತೇ ಜಗಳ ಆಗೋದು ಬೇಡ ಅನ್ನಿಸ್ತು."

ಲೆಂಪಿ ಹಳೆಯ ಕಂಪನಿಗೆ ಫೋನ್ ಹಚ್ಚಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಪಾಲಿಸಿ ಈಗಲೂ ಇದೆ ಎಂದಳು. ತಾರೀಖು ನೋಡಿ, ಹೌದು, ವರ್ಷ ತುಂಬಿಲ್ಲ, ಕಾಯಿಲೆಯ ಪ್ರಶ್ನೆ ಕೇಳುವಂತಿಲ್ಲ ಎಂದೂ ಒಪ್ಪಿದಳು. ಎಲೈನ್ ಕಂಗಾಸ್ ಅವರಿಗೆ ಈ ಪಾಲಿಸಿ ಬೇಕೇ? ಅವರೇ ಹೇಳಬೇಕು.

ಎಲೈನ್ ಹೌದು ಎಂದಳು.

"ಕ್ಷಮಿಸಿ, ಕೇಳಿಸ್ತಿಲ್ಲ," ಎಂದಿತು ಫೋನು.

"ಹೌದು ಅಂದ್ಳು! ನಂಗೆ ಕೇಳಿಸ್ತು!" ಎಂದು ರೇನೊ ಗುಡುಗಿದ.

"ನಿಮಗಲ್ಲ ಸರ್, ನನಗೆ ಕೇಳಿಸ್ಬೇಕು."

ಎಲೈನ್ ಎರಡೂ ಕೈ ಮೇಜಿಗೆ ಊರಿದಳು. ಕತ್ತಿನ ನರ ಉಬ್ಬಿತು. "ಹೌದು!" ಎಂದಳು. ಮೇಲೆ ಪುಸ್ತಕ ಓದುತ್ತಿದ್ದವರಿಗೂ ಅದು ಕೇಳಿಸಿತೆಂದು ಆಮೇಲೆ ಗೊತ್ತಾಯಿತು.

ಜನವರಿ ಒಂದರಿಂದ ಹಳೆಯ ಪಾಲಿಸಿ. ಖಾಸಗಿ ಪ್ಲಾನಿನಿಂದ ಅವಳನ್ನು ಬಿಡಿಸುವ ಕಾಗದ, ಮಾತ್ರೆಗಳಿಗೆ ಬೇರೆ ಪ್ಲಾನು, ಎಲ್ಲಕ್ಕೂ ಎಲೈನ್ ನಿಧಾನವಾಗಿ ಸಹಿ ಹಾಕಿದಳು. ಗ್ರೀನ್ ಬೇಯ ಡಾಕ್ಟರಮ್ಮ ಜನವರಿ ಹದಿಮೂರಕ್ಕೆ ಬರಹೇಳಿದಳು.

ರೇನೊ ಕೋಟು ತೊಡಿಸುವಾಗ ಎಲೈನ್ ಅವನ ಕಡೆ ತಿರುಗಿ ಏನೋ ಅಂದಳು. ಲೆಂಪಿಗೆ ತುಟಿ ಆಡಿದ್ದಷ್ಟೇ ಕಂಡಿತು. ರೇನೊನ ಮುಖ ಕೆಂಪಾಯಿತು.

"ಏನಂದ್ಳೋ?"

"ನಂಗಲ್ಲ," ಎಂದ ರೇನೊ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು. "ನನ್ನ ಗೆಳೆಯನಿಗೆ."